ಕೀಲಿಕೈ ಸಾಹುಕಾರ

ಹುಮನಾಬಾದಿನ ಬಜಾರಿನಲ್ಲಿ ಮಹಾರುದ್ರಪ್ಪ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಅವನ ಸೊಂಟದಲ್ಲಿ ಒಂದು ಕೀಲಿಕೈ ಗೊಂಚಲು ತೂಗುತ್ತಿತ್ತು. ಗೊಂಚಲೆಂದರೆ ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳು ಸೆರಗಿಗೆ ಕಟ್ಟಿಕೊಳ್ಳುವಂಥದ್ದಲ್ಲ. ಬಳೆಯಂಥ ಒಂದು ದಪ್ಪ ಕಬ್ಬಿಣದ ಉಂಗುರ, ಅದರ ತುಂಬ ಉದ್ದನೆಯವು, ಗಿಡ್ಡನೆಯವು, ಹಲ್ಲಿದ್ದವು, ಹಲ್ಲು ಬಿದ್ದವು. ಅದರ ಭಾರಕ್ಕೆ ಧೋತರ ಒಂದು ಕಡೆ ಜಗ್ಗುತ್ತಿತ್ತು, ಒಂದು ಕೈಯಿಂದ ಅವನು ಅದನ್ನು ಹಿಡಿದುಕೊಂಡೇ ನಡೆಯುತ್ತಿದ್ದ. ಹಾಗೆ ಹಿಡಿದುಕೊಳ್ಳುವುದನ್ನೂ ನಾವು ದೌಲತ್ತು ಎಂದೇ ತಿಳಿದಿದ್ದೆವು.

ಆ ಕೀಲಿಕೈಗಳ ಕೀಲಿಗಳು, ಎಂದರೆ ಬೀಗಗಳು, ಎಲ್ಲಿವೆ ಎಂದು ಯಾರೂ ಕೇಳಿರಲಿಲ್ಲ. ಹುಮನಾಬಾದಿನವರಾದ ನಮ್ಮ ಸ್ವಭಾವವೇ ಹಾಗೆ. ಒಬ್ಬನ ಸೊಂಟದಲ್ಲಿ ಕೀಲಿಕೈ ಕಂಡರೆ ಸಾಕು, ತಿಜೋರಿಯನ್ನು ನಾವೇ ಊಹಿಸಿಕೊಂಡು, ಅದರೊಳಗೆ ಬಂಗಾರವನ್ನೂ ನಾವೇ ತುಂಬಿ, ಆಮೇಲೆ ಅವನನ್ನು ಕಂಡು ಹೊಟ್ಟೆ ಉರಿಸಿಕೊಳ್ಳುತ್ತೇವೆ. ನಿಜಕ್ಕೂ ಮಹಾರುದ್ರಪ್ಪನಿಗೆ ಇದ್ದದ್ದು ಹಗ್ಗ, ಕಣ್ಣಿ, ಬಾರುಕೋಲು ಮಾರುವ ಒಂದು ಅಂಗಡಿ. ಅದರ ಹಲಗೆ ಬಾಗಿಲನ್ನು ರಾತ್ರಿ ತನ್ನದೇ ಸರಕಿನ ಹಗ್ಗದಿಂದ ಬಿಗಿದು ಹೋಗುತ್ತಿದ್ದ. ಮನೆಯಲ್ಲಿ ಒಂದು ತಗಡಿನ ಟ್ರಂಕು, ಆ ಟ್ರಂಕಿಗೆ ಒಂದು ಕೀಲಿ. ಗೊಂಚಲಿನಲ್ಲಿ ಕೆಲಸಕ್ಕೆ ಬರುವ ಕೀಲಿಕೈ ಅದೊಂದೇ. ಉಳಿದವನ್ನೆಲ್ಲ ಚಿಟಗುಪ್ಪದ ಸಂತೆಯಲ್ಲಿ, ಗೋಣಿತಾಟಿನ ಮೇಲೆ ಲಾಳ ಮೊಳೆ ಹರವಿಕೊಂಡು ಕೂತ ಗುಜರಿಯವನಿಂದ ತೂಕ ಹಾಕಿಸಿ ತಂದಿದ್ದ.

ಇದರ ಮೂಲ ಕಲ್ಯಾಣಿಯಲ್ಲಿತ್ತು. ಈಗಿನ ಬಸವಕಲ್ಯಾಣ ಆಗ ಬರೀ ಕಲ್ಯಾಣಿ. ಅಲ್ಲಿನ ಒಂದು ಮದುವೆಗೆ ಹೋದಾಗ ಯಾರೋ ಮಹಾರುದ್ರಪ್ಪನಿಗೆ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಚಾಪೆ ತೋರಿಸಿದರು. ಅಷ್ಟರಲ್ಲಿ ಝಣಝಣ ಎನ್ನುತ್ತ ನಾಗನಾಥರೆಂಬ ಹಿರಿಯರು ಬಂದರು. ಅವರ ಸೊಂಟದಲ್ಲಿ ಕೀಲಿಕೈ ಗೊಂಚಲು. ಚಪ್ಪರದವರೆಲ್ಲ ಎದ್ದು, ಅವರನ್ನು ಜಮಖಾನೆಯ ಮೇಲೆ ಕೂರಿಸಿ, ಒರಗಿಕೊಳ್ಳಲು ಬೆನ್ನಿಗೆ ಲೋಡು ದಿಂಬು ಕೊಟ್ಟರು. ಮಹಾರುದ್ರಪ್ಪ ಊಟ ಮುಗಿಯುವವರೆಗೆ ಆ ಲೋಡನ್ನೇ ನೋಡಿದ. ಮುಂದಿನ ಸಂತೆಗೆ ಚಿಟಗುಪ್ಪಕ್ಕೆ ಹೋದ.

ಗೊಂಚಲು ತನ್ನ ಕೆಲಸವನ್ನು ಅವನು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಮಾಡಿತು. ವರ್ಷ ತಿರುಗುವುದರೊಳಗೆ ಅದೇ ನಾಗನಾಥರು ತಮ್ಮ ಮಗನಿಗೆ ಮಹಾರುದ್ರಪ್ಪನ ಮಗಳು ಲಲಿತಾಬಾಯಿಯನ್ನು ನೋಡಲು ಬಂದರು. ಹುಡುಗಿ ಮನಸ್ಸಿಗೆ ಬಂದಳು. ತಮ್ಮ ತಾಯಿಯ ಕಾಲದ ಪೈಠಣಿ ಸೀರೆಯೊಂದನ್ನು ಅವಳ ಉಡಿಯಲ್ಲಿಟ್ಟು, ಸಕ್ಕರೆ ಶಾಸ್ತ್ರದ ದಿನ ಇದನ್ನೇ ಉಟ್ಟು ಕೂರಬೇಕೆಂದು ಹೇಳಿ ಹೋದರು. ಬಾಯಿಗೆ ಸಕ್ಕರೆ ಹಾಕಿ ಮಾತು ಗಟ್ಟಿಮಾಡುವ ಆ ಶಾಸ್ತ್ರ ಬರುವ ಗುರುವಾರಕ್ಕೆ ನಿಗದಿಯಾಯಿತು.

ಸೀರೆ ಟ್ರಂಕು ಸೇರಿತು. ಟ್ರಂಕಿನ ಕೀಲಿಕೈ ಅಲ್ಲಿಯವರೆಗೆ ಹೆಂಡತಿ ಭಾಗಮ್ಮನ ಸೆರಗಿನಲ್ಲಿತ್ತು. ಅದೂ ತನ್ನ ಗೊಂಚಲಿಗೆ ಬೇಕೆಂದು ಮಹಾರುದ್ರಪ್ಪ ಹಟ ಹಿಡಿದ.

"ಅದೊಂದು ನನ್ನ ಕಡೀನ ಇರ್ಲಿ. ನಿಮ್ಮ ಲೋಕಂಡದ ರಾಶ್ಯಾಗ ಅದು ಹುಡುಕಿದ್ರ ಭೀ ಸಿಗಂಗಿಲ್ಲ," ಎಂದಳು ಭಾಗಮ್ಮ.

"ಇಷ್ಟರಾಗ ಒಂದಾರ ಖರೇದು ಇರ್ಲಿ ಭಾಗಮ್ಮ. ಪೂರಾ ಸುಳ್ಳ ಹೊತ್ಕೊಂಡು ತಿರಗಾಕ ನನಗ ಭೀ ಒಂದೊಂದ ಸಲ ನಾಚಿಕಿ ಬರ್ತದ," ಎಂದ ಮಹಾರುದ್ರಪ್ಪ.

ಪ್ರಾಮಾಣಿಕತೆಯ ಈ ಸಣ್ಣ ಚಟವೇ ಅವನನ್ನು ಹಳ್ಳಕ್ಕೆ ಕೆಡವಿತು.

ನಿಜಾಮರ ಆಳ್ವಿಕೆ ಮುಗಿದು ವರ್ಷವಾಗಿತ್ತು. ಹೊಸ ಸರಕಾರ ಬಂದಿತ್ತು, ಆದರೆ ಕಳ್ಳರು ಹಳಬರೇ ಇದ್ದರು. ಒಂದೆರಡು ಅಂಗಡಿಗೆ ಕನ್ನ ಬಿತ್ತು. ಸೋಲಾಪುರದ ರಸ್ತೆಯಲ್ಲಿ ನಿಂತಿದ್ದ ಒಂದು ಲಾರಿ, ಡ್ರೈವರ್ ಚಹಾ ಕುಡಿದು ಬರುವಷ್ಟರಲ್ಲಿ ಮಾಯವಾಯಿತು. ಸೋಮವಾರ ಬೆಳಿಗ್ಗೆ ಬಜಾರಿನಲ್ಲಿ ಡಂಗುರ ಹೊಡೆದರು.

"ಕೇಳ್ರಪ್ಪೋ ಕೇಳ್ರಿ. ಕನ್ನ ಹಾಕೂ ಸಾಮಾನ, ಹಾರಿ, ಕಾನಸ, ಕೀಲಿ ಇಲ್ಲದ ಕೀಲಿಕೈ, ಮೋಟಾರ ಕದಿಯೂ ಸಾಮಾನ ಯಾರೂ ಇಟ್ಕೋಬಾರದು, ಯಾರೂ ಮಾರಬಾರದು. ಇಟ್ಕೊಂಡವ್ರು ಯಾತಕ್ಕ ಇಟ್ಕೊಂಡೀವಿ ಅಂತ ಥಾಣಾದಾಗ ಬಂದು ಹೇಳಬೇಕು. ಹೇಳಾಕ ಬರದಿದ್ರ ಅವ್ರು ಕಳ್ಳರು."

ಕಳ್ಳನನ್ನು ಪೊಲೀಸರು ಹುಡುಕಬೇಕೆಂಬುದು ನಮಗೆ ಗೊತ್ತಿದ್ದ ಕಾನೂನು. ನಾನು ಕಳ್ಳನಲ್ಲವೆಂದು ಪ್ರತಿಯೊಬ್ಬನೂ ತಾನೇ ಹೋಗಿ ತೋರಿಸಬೇಕೆಂಬುದು ಹೊಸದು. ಊರಿಗೆ ಊರೇ ನಡುಗಿತು. ಯಾರು ಯಾವ ಕಬ್ಬಿಣಕ್ಕೆ ಏನು ಸಬೂಬು ಹೇಳುವುದು? ಮಹಾರುದ್ರಪ್ಪನ ಓಣಿಯವರು ಸುಲಭದ ದಾರಿ ಹಿಡಿದರು. ಅವನ ಹಿತ್ತಲಿಗೆ ಹೊಂದಿಕೊಂಡು ಓಣಿಯ ಬಾವಿಯಿತ್ತು. ಅಂದು ಮಧ್ಯಾಹ್ನದೊಳಗೆ ಹಾರೆ, ಉಳಿ, ಸುತ್ತಿಗೆ, ಇಕ್ಕಳ ಎಲ್ಲ ಧಬಕ್ ಧಬಕ್ ಎಂದು ಅದರೊಳಗೆ ಬಿದ್ದವು. ಒಬ್ಬ ಮುದುಕಿಯಂತೂ ಅಡಕೊತ್ತನ್ನು ಹಾಕಿ ಬಂದಳು.

ಮಹಾರುದ್ರಪ್ಪ ಮಾತ್ರ ತನ್ನ ಅಂಗಡಿಯ ಮುಂದೆ ಕೂತು ನಗುತ್ತಿದ್ದ. ಪಕ್ಕದ ಅಂಗಡಿಯ ದರ್ಜಿ ಮೊಹಿನುದ್ದೀನ್ ಹೊಲಿಗೆ ಯಂತ್ರ ನಿಲ್ಲಿಸಿ ಇತ್ತ ನೋಡಿದ.

"ರುದ್ರಪ್ಪಣ್ಣ, ನಾ ಥಾಣಾಕ್ಕ ಹೋಗಿ ನನ್ನ ಕತ್ತರಿ ತೋರಿಸಿ ಬಂದೀನಿ. ನೀ ನಿನ್ನ ಸೊಂಟ ತೋರಿಸಿ ಬಾ."

"ಇದು ಕಳ್ಳರ ಹುಕುಂ ಮೊಹಿನ್ ಭಾಯಿ. ನಮ್ಮಂಥಾ ಸಾಹುಕಾರರಿಗಿ ಏನ್ ಸಂಬಂಧ?" ಎಂದು ಮಹಾರುದ್ರಪ್ಪ ಎದ್ದು ನಿಂತು ಗೊಂಚಲನ್ನು ಒಮ್ಮೆ ಜಾಡಿಸಿದ.

ಆ ಸಪ್ಪಳಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಪೊಲೀಸ್ ಜಮಾದಾರ ದಿಗಂಬರರಾವ್ ನಿಂತರು. ನಾಂದೇಡದ ಕಡೆಯಿಂದ ಹೊಸದಾಗಿ ಬಂದ ಮನುಷ್ಯ. ಲಂಚ ಮುಟ್ಟುತ್ತಿರಲಿಲ್ಲ, ನಗುತ್ತಿರಲಿಲ್ಲ, ಸರಕಾರದ ಹುಕುಮನ್ನು ಅಕ್ಷರ ಬಿಡದೆ ನಂಬುತ್ತಿದ್ದರು. ಇಂಥವರಿಂದ ದೇವರೇ ಕಾಪಾಡಬೇಕು. ಅವರು ಗೊಂಚಲನ್ನು ಮೇಲಿಂದ ಕೆಳಗೆ ನೋಡಿ, "ಸಾಹುಕಾರ್ರ, ಒಂದು ನಿಮಿಷ ಥಾಣಾಕ್ಕ ಬರ್ತೀರೇನು?" ಎಂದರು.

ಮಹಾರುದ್ರಪ್ಪ ಹೋದ. ಅವನ ಹಿಂದೆ ಬಜಾರೂ ಹೋಯಿತು. ಒಳಗೆ ಅವರಿಬ್ಬರು, ಬಾಗಿಲಲ್ಲಿ ಕಿಟಕಿಯಲ್ಲಿ ನಾವೆಲ್ಲ.

"ಇದು ಯಾವ ಕೀಲೀದು?" ಜಮಾದಾರರು ಒಂದು ಉದ್ದನೆಯ ಕೀಲಿಕೈ ಎತ್ತಿ ಹಿಡಿದರು.

"ಅದಾ... ಚಿಟಗುಪ್ಪದಾಗ ನಮ್ಮದೊಂದು ಗೋದಾಮ ಅದರಿ."

"ಇದು?"

"ಮುಡಬಿ ಹೊಲದ ಮನೀದು."

"ಇದು?"

"ಅದು ಗೋದಾಮಿನ ಒಳಗಿಂದು. ಗೋದಾಮಿನಾಗ ಇನ್ನೊಂದು ಗೋದಾಮ ಅದರಿ."

ಬಾಗಿಲಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಜಮಾದಾರರು ಒಂದು ಗಿಡ್ಡ ಕೀಲಿಕೈಯನ್ನು ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು.

"ಇದು ಮೋಟಾರದ್ದು."

ತನ್ನ ಸೊಂಟದಲ್ಲಿ ಮೋಟಾರಿನ ಕೀಲಿಕೈ ಇದೆಯೆಂದು ಮಹಾರುದ್ರಪ್ಪನಿಗೆ ಆಗಲೇ ತಿಳಿದದ್ದು. ಕಳುವಾದ ಲಾರಿ ಅವನ ಕಣ್ಣ ಮುಂದೆ ಬಂತು. ನಿಜ ಹೇಳಿದರೆ ಮುಗಿಯುತ್ತಿತ್ತು. ಇವೆಲ್ಲ ಗುಜರಿ ಸಾಮಾನು ಎಂದರೆ ಜಮಾದಾರರು ಬೈದು ಕಳಿಸುತ್ತಿದ್ದರು. ಆದರೆ ಬಾಗಿಲಲ್ಲಿ ನಮ್ಮ ಮುಖಗಳಿದ್ದವು. ನಮ್ಮ ಮುಖಗಳೇ ಅವನಿಗೆ ಮುಳುವಾದವು.

"ಹೌದ್ರಿ, ಮೋಟಾರ ಹೈದರಾಬಾದಿನಿಂದ ಬರೂದ ಅದ. ಕೀಲಿಕೈ ಮೊದಲ ಬಂದದ," ಎಂದ.

ಜಮಾದಾರರು ಎದ್ದು ಅವನಿಗೆ ಕುರ್ಚಿ ಕೊಟ್ಟರು. ಅವನು ಅದರಲ್ಲಿ ಅರ್ಧ ಮಾತ್ರ ಕೂತ.

"ಭಾಳ ಸಂತೋಷ. ಹಾಂಗಿದ್ರ ಗುರುವಾರ ಮುಂಜಾನೆ ಎಲ್ಲಾ ಕೀಲಿ ನೋಡಿಬಿಡೋಣ. ಮೊದಲ ನಿಮ್ಮ ಮನಿ, ಆಮ್ಯಾಲ ಚಿಟಗುಪ್ಪ, ಮುಡಬಿ. ಅಲ್ಲೀತನಕ ಗೊಂಚಲ ಇಲ್ಲೇ ಇರ್ತದ."

ಗೊಂಚಲು ಬಟ್ಟೆಯ ಚೀಲಕ್ಕೆ ಬಿತ್ತು. ಚೀಲದ ಬಾಯಿಗೆ ಅರಗಿನ ಮುದ್ರೆ ಬಿತ್ತು. ಆಗ ಮಹಾರುದ್ರಪ್ಪನಿಗೆ ಪೈಠಣಿ ನೆನಪಾಯಿತು.

"ಸಾಹೇಬ್ರ, ಅದರಾಗಿಂದು ಒಂದ ಕೀಲಿಕೈ ಮಾತ್ರ ನನಗ..."

"ಯಾವದು?"

ಯಾವುದು ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದೊಂದೇ ಯಾಕೆ ಬೇಕು, ಉಳಿದವು ಯಾಕೆ ಬೇಡ ಎಂಬ ಪ್ರಶ್ನೆ ಬರುತ್ತಿತ್ತು.

"ಏನಿಲ್ರಿ," ಎಂದು ಹೊರಬಂದ. ಸೊಂಟ ಹಗುರಾಗಿ ಅವನ ನಡಿಗೆಯೇ ತಪ್ಪಿತು.

ಮನೆಯಲ್ಲಿ ಭಾಗಮ್ಮ ಎಲ್ಲವನ್ನೂ ಕೇಳಿ, ಟ್ರಂಕಿನ ಕೀಲಿಯನ್ನು ಒಮ್ಮೆ ಜಗ್ಗಿ ನೋಡಿದಳು. ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಗುರುವಾರ ಬೀಗರು ಬರ್ತಾರ," ಎಂದಳು. "ಹುಡುಗಿ ಅವ್ರ ಸೀರಿ ಉಟ್ಟು ಕೂಡದಿದ್ರ ಏನ್ ತಿಳೀತಾರ? ಮಾರ್ಕೊಂಡು ತಿಂದಾರ ಅಂತಾರ. ಹಿಂಗ ಬೀಗರು ತಿರಗಿ ಹೋದ ಹುಡುಗಿ ಮನಿಗಿ ಮತ್ಯಾರು ಬರ್ತಾರ್ರಿ?"

ಮಹಾರುದ್ರಪ್ಪ ಕೀಲಿ ರಿಪೇರಿಯ ನಬೀಸಾಬರ ಬಳಿ ಓಡಿದ. ಹುಮನಾಬಾದಿನ ಕೀಲಿಗಳೆಲ್ಲ ಅವರ ಕೈಗೆ ಬಗ್ಗುತ್ತಿದ್ದವು. ಆದರೆ ಅವರು ತಮ್ಮ ಪೆಟ್ಟಿಗೆಯನ್ನು ಥಾಣೆಯಲ್ಲೇ ಇಟ್ಟು ಬಂದು, ಖಾಲಿ ಅಂಗಡಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು.

"ಚಾಚಾ, ನನ್ನದೇ ಟ್ರಂಕ್, ನನ್ನದೇ ಮನಿ. ಸುಮ್ನ ಬಂದು ತೆಗದಕೊಡ್ರಿ."

"ಕಳ್ಳ ಭೀ ಹಿಂಗ ಹೇಳ್ತಾನ ಬೇಟಾ. ಪರವಾನಗಿ ಬರೂತನಕ ನಾ ಹಲ್ಲಾಗಿನ ಕಡ್ಡಿ ಸುದ್ದಾ ತೆಗ್ಯಾಂಗಿಲ್ಲ," ಎಂದರು ನಬೀಸಾಬರು. "ಆದರ ಮೋಟಾರ ಬಂದ ಮ್ಯಾಲ ನನ್ನ ಒಂದ ಸುತ್ತ ಮಾಣಿಕನಗರಕ್ಕ ಕರ್ಕೊಂಡು ಹೋಗು."

ಮೋಟಾರಿನ ಸುದ್ದಿ ಮಾಣಿಕನಗರದಲ್ಲಿ ನಿಲ್ಲಲಿಲ್ಲ. ಮರುದಿನದ ಬಸ್ಸಿನಲ್ಲಿ ಅದು ಕಲ್ಯಾಣಿಗೆ ಹೋಯಿತು, ಸಂಜೆಯ ಬಸ್ಸಿನಲ್ಲಿ ನಾಗನಾಥರ ಮಾತಾಗಿ ತಿರುಗಿ ಬಂತು. ಬೀಗರು ಮೋಟಾರು ತರಿಸುತ್ತಿರುವುದು ಕೇಳಿ ಸಂತೋಷವಾಯಿತು, ನಮ್ಮ ಅಕ್ಕ ಮೋಟಾರು ನೋಡಿಲ್ಲ, ಆಕೆಯನ್ನೂ ಕರೆತರುತ್ತೇವೆ ಎಂದು ಕಂಡಕ್ಟರ್ ಅಂಗಡಿಗೆ ಬಂದು ಒಪ್ಪಿಸಿದ. ಮಹಾರುದ್ರಪ್ಪ ಒಂದು ಹಗ್ಗ ತೆಗೆದು ಅದರ ಗಟ್ಟಿತನ ನೋಡಿದ. ಮೊಹಿನುದ್ದೀನ್ ಎದ್ದು ಬಂದು ಆ ಹಗ್ಗವನ್ನು ಕಸಿದು ಒಳಗಿಟ್ಟ.

"ಮಾರೂ ಮಾಲಿಗಿ ಹಂಗ ಕೈ ಹಚ್ಚಬ್ಯಾಡ ಅಣ್ಣ. ಟ್ರಂಕಿನ ಕೀಲಿ ಒಡೀಲಿಕ್ಕ ಒಂದ ಹಾರಿ ಸಾಕು. ನಡಿ, ಓಣ್ಯಾಗ ಕೇಳೋಣ."

ಓಣಿಯಲ್ಲಿ ಕೇಳಿದರು. ಎಲ್ಲರೂ ಬಾವಿಯ ಕಡೆ ಕೈ ತೋರಿಸಿದರು.

ಗುರುವಾರ ಬಂತು. ಲಲಿತಾಬಾಯಿ ತಲೆಗೆ ಹೂ ಮುಡಿದು, ದಿನದ ಸೀರೆಯಲ್ಲೇ ಟ್ರಂಕಿನ ಒಂದು ಹಿಡಿಕೆಯನ್ನು ಒತ್ತಿ ಹಿಡಿದಿದ್ದಳು. ಮೊಹಿನುದ್ದೀನ್ ಇನ್ನೊಂದು ಹಿಡಿಕೆ ಹಿಡಿದಿದ್ದ. ಮಹಾರುದ್ರಪ್ಪ ಮೊಣಕಾಲೂರಿ ಕೂತು, ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿಯನ್ನು ಕೀಲಿಯ ಸಂದಿಯಲ್ಲಿ ತೂರಿಸಿ ಮೀಟುತ್ತಿದ್ದ. ಪಟ್ಟಿ ಬಾಗಿತು, ಕೀಲಿ ಬಾಗಲಿಲ್ಲ. ಆಗ ಬಾಗಿಲಲ್ಲಿ ಝಣಝಣ ಕೇಳಿಸಿತು.

ನಾಗನಾಥರು ಬಂದಿದ್ದರು. ಅವರ ಹಿಂದೆ ಅವರ ಅಕ್ಕ, ಅಕ್ಕನ ಹಿಂದೆ ಸಕ್ಕರೆಯ ತಟ್ಟೆ ಹೊತ್ತ ಮಂದಿ. ಅವರೆಲ್ಲರ ಹಿಂದೆ, ಅರಗಿನ ಮುದ್ರೆಯ ಚೀಲ ಹಿಡಿದು ಜಮಾದಾರ ದಿಗಂಬರರಾವ್.

ಮೊದಲು ಬಾಯಿ ತೆರೆದವರು ಜಮಾದಾರರು.

"ಕೈಯಾಗ ಏನದು?"

"ರೊಟ್ಟಿ ಮಗಚೂದರಿ."

"ರೊಟ್ಟಿ ಎಲ್ಲದ?"

ಮಹಾರುದ್ರಪ್ಪ ಸುತ್ತಲೂ ನೋಡಿದ. ರೊಟ್ಟಿ ಇರಲಿಲ್ಲ.

"ಟ್ರಂಕ್ ಯಾರದು?"

"ನಂದೇ ರೀ."

"ಒಳಗ ಏನದ?"

"ಬೀಗರ ಸೀರಿ."

ಜಮಾದಾರರು ನಾಗನಾಥರ ಕಡೆ ತಿರುಗಿದರು. "ಒಳಗಿನ ಸೀರಿ ನಿಮ್ಮದೇನ್ರಿ?"

"ನಮ್ಮ ಅವ್ವಂದು," ಎಂದರು ನಾಗನಾಥರು ಏನೂ ತಿಳಿಯದೆ.

"ಒಳಗ ಮತ್ತೊಬ್ರ ಮಾಲು, ಕೈಯಾಗ ಕಬ್ಬಿಣ, ಕೀಲಿಕೈ ಇಲ್ಲ," ಎಂದು ಜಮಾದಾರರು ಬೆರಳು ಮಡಚುತ್ತ ಹೋದರು. "ಹುಕುಮಿನಾಗ ಹೇಳಿದ್ದೆಲ್ಲಾ ಒಂದೇ ಜಾಗಾದಾಗ ಸಿಕ್ತು. ನಡೀರಿ ಸಾಹುಕಾರ್ರ."

ಮಹಾರುದ್ರಪ್ಪ ಮಗಳ ಮುಖ ನೋಡಿದ. ಹುಡುಗಿ ಇನ್ನೂ ಟ್ರಂಕಿನ ಹಿಡಿಕೆ ಬಿಟ್ಟಿರಲಿಲ್ಲ, ಅಪ್ಪ ಹಿಡಿ ಎಂದಿದ್ದನಲ್ಲ. ಅವನಿಗೆ ಅಳು ಬಂತು. ತಾನು ಹೊತ್ತು ತಿರುಗಿದ್ದರ ಭಾರವೆಲ್ಲ ಇವಳ ತಲೆಯ ಮೇಲೆ ಬೀಳುತ್ತಿದೆ ಎನ್ನಿಸಿತು. ಪಟ್ಟಿಯನ್ನು ನೆಲಕ್ಕಿಟ್ಟು ಎದ್ದು ನಿಂತ.

"ಸಾಹೇಬ್ರ, ಕಳ್ಳ ಅಂತ ಬರ್ಕೋಬ್ಯಾಡ್ರಿ. ಸುಳ್ಳ ಅಂತ ಬರ್ಕೋರಿ. ಚಿಟಗುಪ್ಪದಾಗ ಗೋದಾಮ ಇಲ್ಲ. ಮುಡಬ್ಯಾಗ ನನಗ ಹೊಲ ಬಿಡ್ರಿ, ಗುರ್ತಿನವ್ರು ಭೀ ಇಲ್ಲ. ನನಗಿರೂದು ಈ ಟ್ರಂಕ್ ಒಂದೇ. ಇದರ ಕೀಲಿಕೈ ನಿಮ್ಮ ಚೀಲದಾಗ ಅದ. ಅದರಾಗ ಯಾವದು ಅಂತ ಸುದ್ದಾ ನನಗ ಗೊತ್ತಿಲ್ಲ, ನಮ್ಮಾಕಿಗಿ ಗೊತ್ತದ."

"ಮೋಟಾರ?" ಎಂದರು ನಾಗನಾಥರ ಅಕ್ಕ.

"ಅದರ ಕೀಲಿಕೈ ಅಷ್ಟೇ ಅದ ಅಕ್ಕಾರ," ಎಂದ ಮಹಾರುದ್ರಪ್ಪ.

ಜಮಾದಾರರು ಮುದ್ರೆ ಒಡೆದು ಗೊಂಚಲನ್ನು ಭಾಗಮ್ಮನ ಮುಂದೆ ಹಿಡಿದರು. ಭಾಗಮ್ಮ ಒಂದೊಂದಾಗಿ ಸರಿಸಿ, ಕೆಂಪು ದಾರ ಸುತ್ತಿದ ಪುಟ್ಟದೊಂದನ್ನು ಹಿಡಿದು ಟ್ರಂಕಿಗೆ ಹಾಕಿದಳು. ಕೀಲಿ ಕಟ್ ಎಂದಿತು. ಮುಚ್ಚಳ ತೆರೆದು ಪೈಠಣಿಯನ್ನು ತೆಗೆದು, ಯಾರ ಮುಖವನ್ನೂ ನೋಡದೆ ನಾಗನಾಥರ ಅಕ್ಕನ ಕೈಗಿಟ್ಟಳು. ಮಡಿಕೆ ಸಹ ಬಿಚ್ಚಿರಲಿಲ್ಲ.

"ಉಳಿದವೆಲ್ಲಾ ಯಾತಕ್ಕ ಇಟ್ಕೊಂಡಿದ್ರಿ?" ಜಮಾದಾರರು ಬಿಡಲಿಲ್ಲ. ಹುಕುಮಿನ ಪ್ರಕಾರ ಕಾರಣ ಬೇಕಾಗಿತ್ತು.

"ಸಪ್ಪಳಕ್ಕರಿ."

"ಸಪ್ಪಳಕ್ಕ?"

"ಹೌದ್ರಿ. ಸಪ್ಪಳ ಬಂದ್ರ ಮಂದಿ ಜಾಗಾ ಕೊಡ್ತಾರ್ರಿ. ಒಂದ ಮದುವ್ಯಾಗ ನೋಡಿದ್ದೆ."

ಯಾವ ಮದುವೆ, ಯಾರ ಸಪ್ಪಳ ಎಂದು ಅವನು ಹೇಳಲಿಲ್ಲ. ಜಮಾದಾರರು ಗೊಂಚಲನ್ನು ಒಮ್ಮೆ ಅಲುಗಾಡಿಸಿ, ಕಿವಿಗೊಟ್ಟು ಕೇಳಿದರು. ಸಪ್ಪಳ ಚೆನ್ನಾಗಿಯೇ ಇತ್ತು. ಕೆಂಪು ದಾರದ್ದನ್ನು ಬಿಡಿಸಿ ಭಾಗಮ್ಮನಿಗೆ ಕೊಟ್ಟು, ಉಳಿದದ್ದನ್ನು ಮತ್ತೆ ಚೀಲಕ್ಕೆ ಹಾಕಿದರು.

"ಈ ಹುಕುಮಿಗಿ ಇಷ್ಟು ಖರೇ ಕಾರಣ ಇನ್ನೂ ಯಾರೂ ಹೇಳಿಲ್ಲ. ಇದು ಸರಕಾರದ ಕಡೆ ಇರ್ತದ. ನೀವು ನಿಮ್ಮ ಕಾರ್ಯ ಮಾಡ್ಕೋರಿ."

ಆದರೆ ಕಾರ್ಯ ಮಾಡಬೇಕಾದವರು ನಾಗನಾಥರು. ಎಲ್ಲರೂ ಅವರತ್ತ ನೋಡಿದರು. ಭಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾಗನಾಥರು ಬಂದಾಗಿನಿಂದ ನಿಂತಲ್ಲೇ ನಿಂತಿದ್ದರು. ಅವರ ಒಂದು ಕೈ ಶಲ್ಯದ ಒಳಗೆ ಸೊಂಟವನ್ನು ಒತ್ತಿ ಹಿಡಿದಿತ್ತು.

"ಜಮಾದಾರ್ರ, ಈ ಹುಕುಂ ಕಲ್ಯಾಣಿಗಿ ಭೀ ಅದ ಏನ್ರಿ?" ಎಂದರು.

"ಇಡೀ ಜಿಲ್ಲಾಕ್ಕ ಅದರಿ."

"ಹಾಂಗೇನು." ಅವರ ಕಣ್ಣು ಹಿತ್ತಲ ಬಾಗಿಲ ಕಡೆ ಹೋಯಿತು. "ಬೀಗರ, ನಾ ಇನ್ನೂ ಕಾಲ ತೊಳಕೊಂಡಿಲ್ಲ. ಹಿತ್ತಲದಾಗ ನೀರು ಅದ ಏನ್ರಿ?"

"ನೀರು ತರ್ತೀನಿ, ಕೂಡ್ರಿ," ಎಂದ ಮಹಾರುದ್ರಪ್ಪ.

"ಬ್ಯಾಡ, ನಾನೇ ಹೋಗ್ತೀನಿ," ಎಂದು ನಾಗನಾಥರು ಹಿತ್ತಲಿಗೆ ನಡೆದರು. ನೀರಿನ ತಂಬಿಗೆ ಹಿಡಿದು ಹಿಂದೆಯೇ ಹೊರಟ ಮಹಾರುದ್ರಪ್ಪ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟ. ಬಾವಿಯಲ್ಲಿ ಧಬಕ್ ಎಂದಿತು. ಅವನು ಸದ್ದಿಲ್ಲದೆ ಹಿಂದೆ ಸರಿದು ಬಂದು ತನ್ನ ಜಾಗದಲ್ಲಿ ನಿಂತುಕೊಂಡ.

ನಾಗನಾಥರು ತಿರುಗಿ ಬಂದಾಗ ಹೆಜ್ಜೆಯ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿರಲಿಲ್ಲ. ಕಾಲು ಒಣಗಿಯೇ ಇತ್ತು.

"ಹುಡುಗೀಗಿ ಸೀರಿ ಉಡಸರಿ," ಎಂದರು. "ಸಕ್ಕರಿ ತಟ್ಟಿ ಈ ಕಡೆ ತರ್ರಿ."

"ಮತ್ತ ಮೋಟಾರ?" ಎಂದರು ಅಕ್ಕ.

"ನೀ ಸುಮ್ನಿರಕ್ಕ. ಎತ್ತಿನ ಗಾಡಿ ಸಾಕು."

ಬೇಸಿಗೆ ಬಂತು. ಹುಕುಂ ಹಳೆಯದಾಗಿ ಊರಿನ ಭಯ ಇಳಿಯಿತು, ಬಾವಿಯ ನೀರೂ ಇಳಿಯಿತು. ಓಣಿಯವರು ಹೂಳು ತೆಗೆಸಿದರು. ಹಾರೆಗಳು ಬಂದವು, ಸುತ್ತಿಗೆಗಳು ಬಂದವು, ಮುದುಕಿಯ ಅಡಕೊತ್ತು ಬಂತು. ಕಬ್ಬಿಣ ಬರುತ್ತಿದೆಯೆಂದು ತಿಳಿದು ಜಮಾದಾರರೂ ಬಂದು ನಿಂತರು. ಕೊನೆಯ ಬುಟ್ಟಿಯಲ್ಲಿ ಕೆಸರು ಮೆತ್ತಿದ ಒಂದು ಭಾರೀ ಕೀಲಿಕೈ ಗೊಂಚಲು ಮೇಲೆ ಬಂತು.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಬೀಸಾಬರು ಕೆಸರೊರೆಸಿ, ಕಣ್ಣಿನ ಹತ್ತಿರ ಹಿಡಿದರು.

"ಇದು ನಮ್ಮೂರ ಕೆಲಸ ಅಲ್ಲ. ಕಲ್ಯಾಣಿ ಕಡೀದು ಇದ್ದಂಗ..."

"ನಂದು," ಎಂದ ಮಹಾರುದ್ರಪ್ಪ.

ಜಮಾದಾರರು ತಿರುಗಿದರು. "ನಿಮ್ಮದು ಥಾಣಾದಾಗ ಅದ."

"ಇದು ಎರಡನೇದು ರೀ. ಅದು ಹೋದ ಮ್ಯಾಲ ಸೊಂಟ ಖಾಲಿ ಖಾಲಿ ಅನಸ್ತಿತ್ತು, ಅದಕ್ಕ ತಂದಿದ್ದೆ. ಆಮ್ಯಾಲ ಅಂಜಿಕಿ ಬಂದು ಒಗದೆ."

"ಯಾವ ಕೀಲಿಗಿ ಹತ್ತತದ?"

"ಯಾವದಕ್ಕೂ ಇಲ್ರಿ. ನನ್ನ ಕೀಲಿಕೈ ಎಂದಾರ ಯಾವದಕ್ಕರ ಹತ್ಯಾವೇನ್ರಿ?"

ನಾವು ಬಾವಿಯ ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕೆವು. ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ಇಡೀ ಬಜಾರು ಅವನನ್ನು ಆಡಿಕೊಂಡಿತು. ಅವನೂ ನಮ್ಮ ಜೊತೆ ನಕ್ಕ. ಮೊಹಿನುದ್ದೀನ್ ಮಾತ್ರ ನಗಲಿಲ್ಲ, ಯಾಕೆಂದು ನಾವು ಆಗ ಕೇಳಲಿಲ್ಲ. ಜಮಾದಾರರು ಮಹಾರುದ್ರಪ್ಪನನ್ನು ಬಹಳ ಹೊತ್ತು ನೋಡಿ, ಈ ಗೊಂಚಲಿಗೂ ಅದೇ ಕಾರಣವೆಂದು ತಿಳಿಯುತ್ತೇನೆ ಎಂದು ಹೇಳಿ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಮುಂದಿನ ತಿಂಗಳು ಕಲ್ಯಾಣಿಯಲ್ಲಿ ಮದುವೆಯಾಯಿತು. ಮಹಾರುದ್ರಪ್ಪ ಸಪ್ಪಳವಿಲ್ಲದೆ ಚಪ್ಪರದೊಳಗೆ ಬಂದು, ಅಭ್ಯಾಸದಂತೆ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂರಲು ಹೋದ. ನಾಗನಾಥರು ಎದ್ದು ಬಂದು ಕೈಹಿಡಿದು ಕರೆದುಕೊಂಡು ಹೋಗಿ, ಜಮಖಾನೆಯ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

"ಬೀಗರ, ನಿಮ್ಮ ಬಾವ್ಯಾಗ ಇನ್ನೊಂದು ಗೊಂಚಲ ಸಿಕ್ತಂತ," ಎಂದರು ಮೆಲ್ಲಗೆ.

"ಹೌದ್ರಿ. ನಂದೇ."

"ಭಾಳ ಭಾರ ಇತ್ತೇನ್ರಿ?"

"ಇತ್ತರಿ. ನನಗ ರೂಢಿ ಅದ."

ನಾಗನಾಥರು ತಮ್ಮ ಬೆನ್ನ ಹಿಂದಿನ ಲೋಡನ್ನು ಎಳೆದು ಅರ್ಧ ಅವನ ಬೆನ್ನಿಗೆ ಸರಿಸಿದರು. ಮಹಾರುದ್ರಪ್ಪ ಒರಗಿ ಕೂತ.